ಒಂದು ಗಂಟೆ, ಸೊನ್ನೆ ನಿಮಿಷ

ತೊಂಬತ್ತರ ದಶಕದಲ್ಲಿ ನಾನು ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತನಾಗಿದ್ದೆ. ಮ್ಯಾಟ್ರಿಕ್ ಓದಿದವನ ಕೈಗೆ ಕಂಪ್ಯೂಟರ್ ಕೊಟ್ಟಿದ್ದರು. ಹಂಗಾಮು ಮುಗಿಯುವವರೆಗೆ ಅದನ್ನು ಆರಿಸಬಾರದು ಎಂಬುದೊಂದೇ ಕಟ್ಟಪ್ಪಣೆ.

ಆದರೆ ನಮ್ಮಲ್ಲಿ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ. ಓಡುವ ಯಂತ್ರವನ್ನು ಯಾರೂ ಪೂಜಿಸುವುದಿಲ್ಲ. ಪಾಳಿ ಮುಗಿಯುವ ಮುಂಚೆ ಗುಂಡಿ ಒತ್ತಿ ಆರಿಸಿದೆ, ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆ, ಮತ್ತೆ ಚಾಲೂ ಮಾಡಿದೆ. ಅಷ್ಟರಲ್ಲಿ ಪಾಳಿ ಬದಲಿಸುವ ಎರಡು ಗಂಟೆಯ ಭೋಂಗಾ ಕೂಗಿತು. ಮುಂದಿನ ಪಾಳಿಯ ಗೆಳೆಯನಿಗೆ ಕಾಟಾ ಒಪ್ಪಿಸಿ ಮನೆಗೆ ಹೋದೆ.

ಆರಿಸಿದಾಗ ಕೊನೆಯ ಕೆಲವು ಗಾಡಿಗಳ ತೂಕ ಅಳಿಸಿಹೋಗಿತ್ತು. ಕಬ್ಬು ಇಳಿಸಿಯಾಗಿದ್ದ ರೈತರು ಜಗಳಕ್ಕೆ ನಿಂತರು. ಸರಿಯಾಗಿ ಮೂರಕ್ಕೆ ಸಾಹೇಬರು ಬಂದು, ಯಂತ್ರ ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂದು ಕೀಲಿಮಣೆ ಒತ್ತಿ ಅದನ್ನೇ ಕೇಳಿದರಂತೆ. ಒಂದು ಗಂಟೆ, ಸೊನ್ನೆ ನಿಮಿಷ ಎಂದಿತು. ಅಂದರೆ ಚಾಲೂ ಆದದ್ದು ಎರಡಕ್ಕೆ, ನನ್ನ ಗೆಳೆಯನ ಪಾಳಿಯಲ್ಲಿ. ಅವನನ್ನು ಯಾರ್ಡಿಗೆ ಹಾಕಿದರು, ಬಿಸಿಲಲ್ಲಿ ಗಾಡಿಗಳಿಗೆ ನಂಬರ್ ಚೀಟಿ ಕೊಡುವುದಕ್ಕೆ. ಮುಂದಿನ ಹಂಗಾಮಿಗೆ ಅವನು ಬೇಡ ಎಂಬ ಮಾತೂ ಬಂತು. ಯಂತ್ರವೇ ಹೇಳಿದೆಯಲ್ಲ ಎಂದುಕೊಂಡು ನಾನು ಬಾಯಿ ಬಿಡಲಿಲ್ಲ.

ಎಂಟನೆಯ ದಿನ ಮೀರಜಿನಿಂದ ಪ್ರಿಂಟರ್ ರಿಪೇರಿಗೆ ಒಬ್ಬ ಎಂಜಿನಿಯರ್ ಬಂದರು. "ಇದು ತೋರಿಸೋ ಹೊತ್ತು ಪಕ್ಕಾ ಏನ್ರಿ?" ಎಂದು ಕೇಳಿದೆ.

"ಸೆಕೆಂದ ಬಿಟ್ಟಬಿಡತೈತ್ರಿ. ತಾಸಿನ ಮ್ಯಾಲೆ ಐವತ್ತ ಸೆಕೆಂದ ಆಗಿದ್ರೂ ಬರೇ ತಾಸು ಅಂತೈತಿ. ಚಾಲೂ ಆದ ಹೊತ್ತ ಬೇಕಂದ್ರ ಬ್ಯಾರೆ ಐತಿ, ನೋಡ್ರಿ."

ಏನೋ ಒತ್ತಿದರು. ತೆರೆಯ ಮೇಲೆ ಅಮಾವಾಸ್ಯೆಯ ತಾರೀಖು, ಒಂದು ಗಂಟೆ ಐವತ್ತೊಂಬತ್ತು ನಿಮಿಷ. ನನ್ನ ಪಾಳಿ.

"ಒಮ್ಮೆ ಬಂದ್ ಮಾಡಿದ್ರ ಇದು ಹೋಗಿ ಹೊಸಾದ ಬರತೈತ್ರಿ" ಎಂದು ಅವರು ಚಹಾಕ್ಕೆ ಎದ್ದರು.

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ರಿಪೇರಿಯ ನೆಪವೂ ಇತ್ತು. ಕಿಟಕಿಯಾಚೆ ಗೆಳೆಯ ತಲೆಗೆ ಟಾವೆಲ್ ಸುತ್ತಿಕೊಂಡು ಚೀಟಿ ಹಂಚುತ್ತಿದ್ದ. ಬೆರಳು ತೆಗೆದು, ಸಾಹೇಬರನ್ನು ಕರೆತಂದು ಎಲ್ಲ ಹೇಳಿದೆ.

ಅವರು ತೆರೆ ನೋಡಿದರು, ಯಂತ್ರದ ಹಣೆ ನೋಡಿದರು. "ಕುಂಕುಮ ಕಣ್ಣಮುಂದನ ಐತಲ್ಲೋ! ಎರಡಕ್ಕ ಚಾಲೂ ಆಗಿದ್ರ ಪೂಜಿ ಎರಡರ ಮೊದಲ ಆಗಿರಬೇಕಲ್ಲ. ನಾ ಬರೇ ಟೈಮ್ ನೋಡಕೋತ ಕುಂತೆ."

ಮರುದಿನ ಯಾರ್ಡಿಗೆ ನಾನು ಹೋದೆ. ಗೆಳೆಯ ತನ್ನ ಟಾವೆಲ್ ಬಿಚ್ಚಿ ನನ್ನ ತಲೆಗೆ ಸುತ್ತಿದ. "ಒಂದ ನಿಮಿಷಕ್ಕ ಎಂಟ ದಿನಾ ಸುಟಗೊಂಡೇನಿ ಮಗನ. ಈಗ ನೀ ಸುಟಗೋ."

ಮಧ್ಯಾಹ್ನ ಬುತ್ತಿ ತಂದು ನನ್ನ ಪಕ್ಕದಲ್ಲೇ, ಗಾಡಿಯ ನೆರಳಲ್ಲಿ ಕುಳಿತ. ಎಂಟು ದಿನಗಳ ಮೇಲೆ ಅಂದು ರೊಟ್ಟಿ ರುಚಿಸಿತು.