ಮಡಚಿದ ಮೂಲೆ

ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡವರನ್ನು ಎಲ್ಲರೂ ಫೈಲಪ್ಪ ಎಂದೇ ಕರೆಯುತ್ತಿದ್ದರು. ಅವರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಲು ಹೋದ ಮೊದಲ ದಿನವೇ ನನ್ನ ಮೇಲೆ ಹರಿಹಾಯ್ದರು.

“ಮೂಲೆ ಯಾಕಮ್ಮ ಬಿಡಿಸ್ದೆ?”

ಕೆಲವು ಫೈಲುಗಳ ಮೊದಲ ಹಾಳೆಯ ಮೂಲೆ ಮಡಚಿತ್ತು. ನಾನು ಉಗುರಿನಿಂದ ತೀಡಿ ಎಲ್ಲವನ್ನೂ ನೇರ ಮಾಡಿದ್ದೆ. ನಾನೇನು ಕಡಿಮೆಯವಳೇ? “ಮಡಚಿದ್ರೆ ಮಷೀನಲ್ಲಿ ಸಿಕ್ಕಾಕೊಳ್ಳತ್ತೆ” ಎಂದೆ.

“ಕಿವಿ ಮಂದ ಇರೋರ ಫೈಲು ಅವು. ಮಡಿಕೆ ಕಂಡ್ರೆ ಡಾಕ್ಟ್ರು ಹತ್ರ ಕೂತು ಜೋರಾಗಿ ಮಾತಾಡ್ತಾರೆ. ಇಲ್ದಿದ್ರೆ ಪಾಪ, ನಾಚಿಕೆಗೆ ಎಲ್ಲದಕ್ಕೂ ತಲೆಯಾಡಿಸಿ, ಮನೇಲಿ ತಪ್ಪು ಮಾತ್ರೆ ನುಂಗ್ತಾರೆ.”

ಅದೃಷ್ಟಕ್ಕೆ ಹಾಳೆಗಳಲ್ಲಿ ಮಡಿಕೆಯ ಗೆರೆ ಉಳಿದಿತ್ತು. ಒಂದು ವಾರ ಇಬ್ಬರೂ ಕೂತು ಅವನ್ನೆಲ್ಲ ಹುಡುಕಿದೆವು. ಪ್ರತಿಯೊಬ್ಬರ ದಾಖಲೆಗೂ ಪರದೆಯಲ್ಲಿ ಮಡಚಿದ ಹಳದಿ ಮೂಲೆಯೊಂದನ್ನು ಮೂಡಿಸಿದೆ. ಆ ವಾರವಿಡೀ ನಾನು ಒಂದು ಕೇಳಿದರೆ ಅವರು ಇನ್ನೊಂದು ಹೇಳುತ್ತಿದ್ದರು.

ನಿವೃತ್ತರಾದ ಮೇಲೆ ಒಮ್ಮೆ ಫೈಲಪ್ಪ ಮಂಡಿನೋವೆಂದು ಬಂದರು. ಡಾಕ್ಟರು ಪರದೆ ನೋಡಿ, ಹತ್ತಿರ ಬಂದು ಏರುದನಿಯಲ್ಲಿ ಮಾತಾಡಿಸಿದರು.

“ಯಾಕ್ರೀ ಕಿರಚ್ತೀರಾ? ನಾನೇನು ಕಿವುಡನಾ?”

ಡಾಕ್ಟರು ಪರದೆಯನ್ನು ಅವರ ಕಡೆ ತಿರುಗಿಸಿದರು. ಫೈಲಪ್ಪ ಹಳದಿ ಮೂಲೆಯನ್ನು ಬಹಳ ಹೊತ್ತು ನೋಡಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಾವೇ ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡರು.