ಪೇಚ್ಚಿಯಮ್ಮಾಳ್ ಬರೆಯದ ಬ್ರಾಕೆಟ್ಟು

ನಮ್ಮ ಶಾಲೆಯ ಅಡುಗೆಯಾಕೆ ಪೇಚ್ಚಿಯಮ್ಮಾಳ್ ಮೊಟ್ಟೆ ಕದಿಯುತ್ತಾಳೆಂದು ಊರೇ ಆಡಿಕೊಂಡಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗಂಡ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಸತ್ತ ವರ್ಷ ಕೆಲಸಕ್ಕೆ ಸೇರಿದವಳು. ಕೋವಿಲ್‌ಪಟ್ಟಿ ಕಡೆಯ ಈ ಕರಿಮಣ್ಣಿನ ಊರಲ್ಲಿ ಹತ್ತೊಂಬತ್ತು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸಿದ್ದಾಳೆ. ಅವಳ ತಟ್ಟೆಯಲ್ಲಿ ನಾನು ಒಂದು ದಿನವೂ ಮೊಟ್ಟೆ ಕಂಡಿಲ್ಲ.

ಪ್ರತಿ ಶುಕ್ರವಾರ ಅವಳು ಮುಂದಿನ ವಾರಕ್ಕೆ ಬೇಕಾದ ಮೊಟ್ಟೆಯ ಲೆಕ್ಕ ಪುಸ್ತಕದಲ್ಲಿ ಬರೆದು ಕಳಿಸಬೇಕು. ಹುಡುಗರು, ಹುಡುಗಿಯರು ಬೇರೆ ಬೇರೆ ತೋರಿಸಬೇಕೆಂದು ನಿಯಮ. ತಲೆಗೆ ದಿನಕ್ಕೊಂದು, ಐದು ದಿನ. ಹಾಗಾಗಿ ಅವಳು ಬರೆಯುತ್ತಿದ್ದುದು 30 + 40 × 5. ಉತ್ತರ ಬರೆಯುವುದು ಮೊಟ್ಟೆ ಕಳಿಸುವ ಕಚೇರಿಯವರ ಕೆಲಸ. ಅಲ್ಲಿನ ಹಳೆಯ ಗುಮಾಸ್ತರು ಮೊದಲು ಮಕ್ಕಳನ್ನು ಕೂಡಿ, ಆಮೇಲೆ ಐದರಿಂದ ಗುಣಿಸಿ, ಮುನ್ನೂರೈವತ್ತು ಕಳಿಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಕಂಪ್ಯೂಟರ್ ಬಂತು. ಇನ್ನೂರ ಮೂವತ್ತೇ ಬರತೊಡಗಿತು.

ಕಮ್ಮಿ ಬಂದಿದೆ ಎಂದು ಅವಳು ಎರಡು ಸಲ ಹೇಳಿ ಕಳಿಸಿದಳು. ಕೇಳಿದಷ್ಟು ಕೊಟ್ಟಿದ್ದೇವೆ ಎಂದರು. ಗುರುವಾರ ಉಳಿದ ಇಪ್ಪತ್ತು ಮೊಟ್ಟೆಯನ್ನು ಕಾಲು ಕಾಲು ಮಾಡಿ ಹಂಚುತ್ತಿದ್ದಳು. ಶುಕ್ರವಾರ ಬರೀ ಸಾಂಬಾರ್ ಅನ್ನ. ಮೂರನೇ ವಾರ ಮಕ್ಕಳ ಅಪ್ಪಂದಿರು ಶಾಲೆಯ ಬಾಗಿಲಿಗೆ ಬಂದರು.

"ಏನ್ ಆಯಾ, ಮಗಳ ಬಾಣಂತನ ಸರ್ಕಾರಿ ಮೊಟ್ಟೇಲೇ ನಡೀತಾ ಇದ್ಯಾ?" ಎಂದ ಮಾಡಸಾಮಿ. ಅವನ ಮೂರು ಮಕ್ಕಳೂ ಅವಳ ಕೈಯಡುಗೆ ಉಂಡೇ ಬೆಳೆದವರು. ಉಂಡ ಮನೆಗೆ ಎರಡು ಬಗೆಯುವ ಜನ.

ವಿಚಾರಣೆಗೆ ಅಧಿಕಾರಿಯೊಬ್ಬ ಬಂದ, ಕೈಯಲ್ಲಿ ಅವಳನ್ನು ತೆಗೆದುಹಾಕುವ ಕಾಗದ ಹಿಡಿದೇ ಬಂದ.

"ಇದು ನೀನೇ ಬರೆದಿದ್ದಲ್ವಾ?"

"ಹತ್ತೊಂಬತ್ತು ವರ್ಷದಿಂದ ಹಿಂಗೇ ಬರೀತಿದ್ದೀನಿ ಸಾರ್."

"ಬಂದಿರೋದು ನೀನು ಕೇಳಿದಷ್ಟೇ. ಮೆಷಿನ್ ಸುಳ್ಳು ಹೇಳಲ್ಲಮ್ಮ. ಮಕ್ಕಳಿಗೆ ಸಾಲಲಿಲ್ಲ ಅಂದ್ರೆ ನಡುವೆ ಎಲ್ಲಿಗೋ ಹೋಗಿದೆ."

ನಾನು ಪುಸ್ತಕ ಕಿತ್ತುಕೊಂಡು ನೋಡಿದೆ. ಮೈಯೆಲ್ಲ ಉರಿಯಿತು. ಮೆಷಿನ್ ಸುಳ್ಳು ಹೇಳಿರಲಿಲ್ಲ. ಮೊದಲು ನಲವತ್ತನ್ನು ಐದರಿಂದ ಗುಣಿಸಿ, ಆಮೇಲೆ ಮೂವತ್ತು ಕೂಡಿತ್ತು. ಮೂವತ್ತು ಹುಡುಗರಿಗೆ ವಾರಕ್ಕೆಲ್ಲ ಒಂದೊಂದೇ ಮೊಟ್ಟೆ. ಕೆಂಪು ಪೆನ್ನು ತೆಗೆದು ಎರಡು ಗೆರೆ ಎಳೆದೆ: (30 + 40) × 5.

"ಈಗ ನಿಮ್ಮ ಫೋನಲ್ಲಿ ಒತ್ತಿ ನೋಡಿ ಸಾರ್."

ಅವನು ಒತ್ತಿದ. ಮುನ್ನೂರೈವತ್ತು.

"ಓ, ಇಷ್ಟೇನಾ. ಮುಂದಿನ ಸಲದಿಂದ ಬ್ರಾಕೆಟ್ ಹಾಕೋಕೆ ಹೇಳಿಕೊಡಿ ಟೀಚರ್" ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನ ಬಾಯಿಗೆ ಮಣ್ಣು ಹಾಕ. ಮೂರು ವಾರ ಒಬ್ಬಳ ಮಾನ ಬೀದಿಯಲ್ಲಿ ಬಿದ್ದಿತ್ತು, ಅವನಿಗೆ ಅದು ಇಷ್ಟೇ.

ಅವನು ಹೋದ ಮೇಲೆ ಪೇಚ್ಚಿಯಮ್ಮಾಳ್ ಆ ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು.

"ಇದನ್ನ ನೀವು ಮಕ್ಕಳಿಗೆ ಹೇಳಿಕೊಡ್ತೀರಾ ಟೀಚರ್?"

"ಆರನೇ ಕ್ಲಾಸಿಗೆ."

ಅವಳು ಬೆರಳನ್ನು ಹಾಳೆಯ ಕೆಳಕ್ಕೆ ಇಳಿಸಿದಳು. ಅಲ್ಲಿ, ಆ ಮೂರು ವಾರವೂ, 'ಪರಿಶೀಲಿಸಲಾಗಿದೆ' ಎಂಬುದರ ಪಕ್ಕದಲ್ಲಿ ಗಣಿತ ಟೀಚರಾದ ನನ್ನ ಸಹಿ ಇತ್ತು.

"ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು" ಎಂದಳು. ಪುಸ್ತಕ ಮುಚ್ಚಿ ಒಲೆಯ ಕಡೆ ಹೋದಳು.