ಎಣ್ಣೆ ಮೂಸುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಮೂಗಿನ ತುದಿಯಲ್ಲಿ ಸದಾ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ಎಣ್ಣೆ ಕೆಂಪು. ಅದನ್ನು ಬೆರಳಿಗೆ ಹಚ್ಚಿಕೊಂಡು, ಮೂಗಿಗೆ ತಾಗುವಷ್ಟು ಹತ್ತಿರ ತಂದು ಮೂಸುವುದು ಅವರ ಅಭ್ಯಾಸ. ಕಂಪ್ಯೂಟರ್ ಜೋಡಿಸಿ ರೋಗ ಹುಡುಕುವವರನ್ನು ಕಂಡರೆ ಅವರಿಗೆ ಆಗದು. "ಬೆಂದಿರೋ ಎಣ್ಣೆ ಸುಳ್ಳು ಹೇಳಲ್ಲ ಕಣಪ್ಪ, ಗಾಡಿ ಓನರ್ ಹೇಳ್ತಾನೆ" ಎನ್ನುತ್ತಿದ್ದರು. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಪಕ್ಕ ಅವರ ಗೇರ್‌ಬಾಕ್ಸ್ ರಿಪೇರಿ ಶೆಡ್ಡು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ಶಿಫ್ಟ್ ಮುಗಿಸಿ ದಿನಾ ಅಲ್ಲಿ ಹೋಗಿ ಕೂರುತ್ತಿದ್ದೆ. ಕಾರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಬೈದು ಬೈದು ಕಲಿಸಿದ್ದು.

ಬಾಯಿ ಮಹಾ ಕೆಟ್ಟದ್ದು. ಯಾರಾದರೂ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರ್ ಹಾಳುಮಾಡಿಕೊಂಡು ಬಂದರೆ ಅದನ್ನು ಬಿಚ್ಚಿ, ಎರಡು ಹೋಳು ಮಾಡಿ ಗೋಡೆಗೆ ನೇತುಹಾಕಿ, ಕೆಳಗೆ ಸೀಮೆಸುಣ್ಣದಲ್ಲಿ ಯಜಮಾನನ ಗುರುತು ಬರೆಯುತ್ತಿದ್ದರು: ‘ಕುಂದಾಣದ ದ್ರಾಕ್ಷಿ ತೋಟದವನು’, ‘ಅಳಿಯನ ಕೈಗೆ ಗಾಡಿ ಕೊಟ್ಟ ಮಾವ’. ಬಂದವರಿಗೆಲ್ಲ ತೋರಿಸಿ ನಗಿಸುತ್ತಿದ್ದರು. ತೋಟದವನು ಅಳಿಸಿಬಿಡಿ ಎಂದು ಕೈಮುಗಿದಾಗ, ಅವನೆದುರಿಗೇ ಅಕ್ಷರಗಳನ್ನು ಇನ್ನೊಮ್ಮೆ ದಪ್ಪಗೆ ತಿದ್ದಿದರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮುಂದೆ ನಾನೂ ಒಂದು ಹಳೇ ಆಟೋಮ್ಯಾಟಿಕ್ ಕಾರು ಕೊಂಡೆ. ಅವರಿಗೆ ಹೇಳದೆ ಬೆಂಗಳೂರಿಗೆ ಹೋಗಿ ಇಂಜಿನ್ನಿನ ಬಲ ಹೆಚ್ಚಿಸಿಕೊಂಡು ಬಂದೆ. ಎರಡೇ ತಿಂಗಳು. ಏರು ಬಂದರೆ ಇಂಜಿನ್ ಅರಚುವುದು, ಗಾಡಿ ಮಾತ್ರ ಮುಂದಕ್ಕೆ ಹೋಗದಿರುವುದು ಶುರುವಾಯಿತು. ಮೇಸ್ತ್ರಿ ಎಣ್ಣೆ ಮೂಸಿ, ಆ ಬೆರಳನ್ನು ನನ್ನ ಬಿಳಿ ಅಂಗಿಗೆ ಒರೆಸಿದರು.

"ಇಂಜಿನ್ನು ಈ ಕೆಂಪೆಣ್ಣೆನ ತಳ್ತೈತೆ, ಎಣ್ಣೆ ಗೇರ್‌ಬಾಕ್ಸ್ ತಿರುಗಿಸ್ತೈತೆ. ಅದೇ ಕನ್ವರ್ಟರ್ ಕೆಲ್ಸ. ನೀನು ಇಂಜಿನ್‌ಗೆ ಕೊಬ್ಬು ತುಂಬ್ಸಿದೀಯ, ಅದು ತಡೀತದಾ? ಜಾರ್ತಾ ಐತೆ. ಬಿಟ್ಟು ಹೋಗು, ಬಿಚ್ಚಿ ಬೇರೇದು ಹಾಕ್ತೀನಿ. ಗೋಡೆ ಮ್ಯಾಲೆ ಜಾಗ ಐತೆ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಗಾಡಿ ಬಿಡಲಿಲ್ಲ. ಬೇರೊಬ್ಬನ ಹತ್ತಿರ ಹಳೇ ಎಣ್ಣೆ ತೆಗೆಸಿ, ಹೊಸ ಎಣ್ಣೆಯ ಜೊತೆ, ಜಾರುವುದನ್ನು ನಿಲ್ಲಿಸುತ್ತದೆಂದು ಮಾರುವ ಡಬ್ಬಿ ಔಷಧಿ ಸುರಿಸಿದೆ. ಗಾಡಿ ತಣ್ಣಗಿರುವಷ್ಟು ಹೊತ್ತು ಚೆನ್ನಾಗಿಯೇ ಓಡಿತು; ಕಾದರೆ ಮತ್ತೆ ಅದೇ ಹಾಡು. ಮೇಸ್ತ್ರಿ ಕೇಳಿದಾಗ "ಕನ್ವರ್ಟರ್ ಚೇಂಜ್ ಮಾಡಿಸ್ಬಿಟ್ಟೆ ಅಣ್ಣ" ಎಂದೆ. ಅವರು ಎಣ್ಣೆ ಮೂಸಿದರು. ಹೊಸ ಎಣ್ಣೆ ವಾಸನೆ. ನಂಬಿದರು. ಆ ಮೂಗಿಗೇ ಮೋಸ ಮಾಡಿದೆನೆಂಬ ಖುಷಿಯಲ್ಲಿ ಅವತ್ತು ಎರಡು ಟೀ ಕುಡಿದೆ.

ಮೂರು ವಾರದ ನಂತರ, ಸುಡುಬಿಸಿಲಿನ ಒಂದು ಮಧ್ಯಾಹ್ನ ಅವರು ಎದೆ ಹಿಡಿದುಕೊಂಡು ಕುಸಿದರು. ಶೆಡ್ಡಿನಲ್ಲಿ ಆರು ಕಾರುಗಳಿದ್ದವು, ಒಂದರಲ್ಲೂ ಗೇರ್‌ಬಾಕ್ಸ್ ಇರಲಿಲ್ಲ. ಆಂಬುಲೆನ್ಸಿಗೆ ಅರ್ಧ ಗಂಟೆ ಎಂದರು. ಪಕ್ಕದ ಪಂಕ್ಚರ್ ಅಂಗಡಿಯವನು, ರಸ್ತೆಯಲ್ಲಿ ಹೋಗುವ ಯಾವುದಾದರೂ ಕಾರನ್ನು ನಿಲ್ಲಿಸುತ್ತೇನೆಂದು ಓಡಿದ. "ಬೇಡ, ನನ್ ಗಾಡಿ ಐತಲ್ಲ" ಎಂದೆ. ನನ್ನದು ಬೇಡವೆಂದಿದ್ದರೆ ಯಾಕೆ ಬೇಡವೆಂದು ಹೇಳಬೇಕಾಗುತ್ತಿತ್ತು.

ನೆಲಮಂಗಲದ ಆಸ್ಪತ್ರೆಗೆ ಹೊರಟೆ. ಮೇಲ್ಸೇತುವೆಯ ಏರಿನಲ್ಲಿ ಇಂಜಿನ್ ಅರಚಿತು. ಗಾಡಿ ನಡೆದು ಹೋಗುವವರ ವೇಗಕ್ಕೆ ಇಳಿಯಿತು. ಹಿಂದೆ ಲಾರಿಗಳ ಹಾರ್ನು. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಮೇಸ್ತ್ರಿ ಕಣ್ಣು ಬಿಟ್ಟರು.

"ಚೇಂಜ್ ಮಾಡ್ಸಿಲ್ಲ ನೀನು."

ನಾನು ಇನ್ನೂ ಜೋರಾಗಿ ತುಳಿದೆ.

"ತುಳೀಬ್ಯಾಡ ಲೇ. ಎಣ್ಣೆ ಬೇಯ್ತೈತೆ. ಕಾಲೆತ್ತು... ಮೆಲ್ಲಗೆ ಒತ್ತು."

ಹೇಳಿದಂತೆ ಮಾಡಿದೆ. ಗಾಡಿ ತೆವಳಿಕೊಂಡು ಏರು ಹತ್ತಿತು. "ಹತ್ತಿತು ಅಣ್ಣ" ಎಂದೆ. ಅವರ ತಲೆ ಕಿಟಕಿಯತ್ತ ವಾಲಿತ್ತು.

ಹೃದಯಾಘಾತದಿಂದ ಸಾವು ಎಂದು ಡಾಕ್ಟರು ಬರೆದುಕೊಟ್ಟರು. ಕೊಂದವನು ನಾನು ಎಂದೇ ನನಗನ್ನಿಸುತ್ತದೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ತಿಥಿಯ ದಿನ ಮೊದಲ ಪಂಕ್ತಿಯಲ್ಲೇ ನನ್ನನ್ನು ಕೂರಿಸಿದರು. ಅವರ ಮುದಿ ತಾಯಿ ನನ್ನ ಎಲೆಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತರು. "ಕಡೇಗಾಲದಲ್ಲಿ ಯಾರದೋ ಗಾಡೀಲಿ ಹೋಗ್ಲಿಲ್ಲ ನನ್ ಮಗ, ನಿನ್ ಗಾಡೀಲಿ ಹೋದ. ಅಷ್ಟೇ ಸಮಾಧಾನ ಕಣಪ್ಪ. ಉಣ್ಣು" ಎಂದು, ಬಡಿಸುವವರನ್ನು ಕರೆದು ಇನ್ನೊಂದು ವಡೆ ಹಾಕಿಸಿದರು.

ಉಂಡೆ.